ಒಕ್ಕಣೆಯ ಚರಿತ್ರೆ: ಆತಗೂರಿನ ಕಲ್ಲಿನಿಂದ ಕಬ್ಬಿನ ಒಪ್ಪಿಗೆಯವರೆಗೆ

'ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು, ಆತಗೂರು ಹೋಬಳಿ.' ಮದ್ದೂರಿನ ನೋಂದಣಿ ಕಚೇರಿಯ ಸುತ್ತಮುತ್ತ ಕೂತು ಪತ್ರ ಬರೆಯುವವರ ಬೆರಳು ಈ ಸಾಲನ್ನು ನೋಡದೆಯೇ ಹೊಡೆಯುತ್ತದೆ. ಕ್ರಯಪತ್ರವಾಗಲಿ, ಭೋಗ್ಯಪತ್ರವಾಗಲಿ, ಪಾಲುಪಟ್ಟಿಯಾಗಲಿ, ಷೆಡ್ಯೂಲು ತೆರೆದುಕೊಳ್ಳುವುದು ಹೀಗೆಯೇ. ಆಮೇಲೆ ಬದಲಾಗುವುದು ಗ್ರಾಮದ ಹೆಸರು, ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ, ಹಣದ ಮೊತ್ತ ಇಷ್ಟೇ. ಉಳಿದದ್ದೆಲ್ಲ ಮೊದಲೇ ಸಿದ್ಧವಾಗಿರುತ್ತದೆ. ಹೀಗೆ ಸಿದ್ಧವಾಗಿರುವ ಮಾತಿಗೆ ಕನ್ನಡದಲ್ಲಿ ಬಹಳ ಹಿಂದಿನಿಂದ ಇರುವ ಹೆಸರು ಒಕ್ಕಣೆ. ಇವತ್ತಿನವರು ಮಾದರಿ ಎನ್ನುತ್ತಾರೆ, ಫಾರಂ ಎನ್ನುತ್ತಾರೆ, ಕಂಪ್ಯೂಟರ್ ಮುಂದೆ ಕೂತವರು ಟೆಂಪ್ಲೇಟು ಎನ್ನುತ್ತಾರೆ.

ಒಕ್ಕಣೆ ಎಂದರೆ ತಲೆ ಓಡಿಸದೆ ಮಾಡಿದ ಬರಹ ಎಂಬ ತಾತ್ಸಾರ ವಿದ್ವಾಂಸರಲ್ಲೂ ಇದೆ, ವ್ಯವಹಾರಸ್ಥರಲ್ಲೂ ಇದೆ. ಶಾಸನ ಓದುವವರು ಆರಂಭದ ಪ್ರಶಸ್ತಿಯನ್ನೂ ಕೊನೆಯ ಶಾಪವನ್ನೂ 'ಎಂದಿನ ಸಾಲುಗಳು' ಎಂದು ದಾಟಿ ಹೋಗುತ್ತಾರೆ. ಸಾಲ ತೆಗೆದುಕೊಳ್ಳುವವರು ಅಚ್ಚಾದ ಷರತ್ತುಗಳನ್ನು ದಾಟಿ, ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ ಕಡೆ ರುಜು ಮಾಡುತ್ತಾರೆ. ಈ ಲೇಖನದ ವಾದ ಬೇರೆ. ಕರಾರುಪತ್ರದ ಚರಿತ್ರೆಯೆಂದರೆ ಬಹುಮಟ್ಟಿಗೆ ಒಕ್ಕಣೆಯ ಚರಿತ್ರೆಯೇ. ಪ್ರತಿ ಕಾಲದಲ್ಲೂ ಕೇಳಬೇಕಾದ ಪ್ರಶ್ನೆ ಒಂದು: ಹಿಂದಿನಿಂದ ಬಂದ ಮಾತಿನ ನಡುವೆ, ಈ ವ್ಯವಹಾರಕ್ಕೆಂದೇ ಹೊಸದಾಗಿ ಬರೆಯಲು ಎಷ್ಟು ಜಾಗ ಉಳಿದಿತ್ತು? ಆ ಜಾಗವನ್ನು ತುಂಬುವ ಕೈ ಯಾರದಾಗಿತ್ತು? ಇದನ್ನು ಕೇಳಲು ಆತಗೂರಿಗಿಂತ ಒಳ್ಳೆಯ ಊರು ನನಗೆ ಕಾಣುವುದಿಲ್ಲ.

ನಾಯಿಯ ಪಾಪ

ಶಕ 872ರ ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949–50. ಆತಗೂರಿನ ಚಲ್ಲೇಶ್ವರ ಗುಡಿಯ ಮುಂದೆ ಒಂದು ಕಲ್ಲು ನಿಂತಿತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ನಾಯಿಯೂ ಕಾಡುಹಂದಿಯೂ ಒಂದರ ಮೇಲೊಂದು ಬಿದ್ದು ಕಾದುತ್ತಿರುವ ಚಿತ್ರವಿದೆ, ಜೊತೆಗೆ ಹಳಗನ್ನಡ ಬರಹವಿದೆ. ಚರಿತ್ರೆಯ ಪುಸ್ತಕಗಳು ಈ ಶಾಸನವನ್ನು ನೆನೆಯುವುದು ತಕ್ಕೋಲದ ಯುದ್ಧಕ್ಕಾಗಿ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಅವನ ಕಡೆಯ ಗಂಗ ದೊರೆ ಬೂತುಗ, ಎದುರಿಗೆ ಚೋಳ ರಾಜಾದಿತ್ಯ. ಬೂತುಗನ ಆಳು ಮಣಲೆರ ಆ ಯುದ್ಧದಲ್ಲಿ ಕಾದಿದ ರೀತಿಗೆ ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕೆಳಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಆತಗೂರಿನ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಬಿತ್ತುವಷ್ಟು ಮಣ್ಣು ಬಿಟ್ಟುಕೊಟ್ಟರು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಈ ಕಲ್ಲನ್ನು ಪತ್ರವೆಂದು ಓದಿದಾಗ ಕಾಣುವುದು ಇನ್ನೂ ಹೆಚ್ಚು. ಆರಂಭದ ಕಾಲಸೂಚನೆ ಒಕ್ಕಣೆಯದು. ಶಕವರ್ಷವನ್ನು ಹೇಳುವ ಆ ಪದಪುಂಜ ಆ ಶತಮಾನದ ನೂರಾರು ಕಲ್ಲುಗಳಲ್ಲಿ ಹಾಗೆಯೇ ಇದೆ. ದೊರೆಗಳ ಬಿರುದುಗಳೂ ಸಿದ್ಧ ಸಾಮಗ್ರಿಯೇ. ಆಮೇಲೆ ಬರುವುದು ವ್ಯವಹಾರ. ಕೊಟ್ಟದ್ದೇನು? ಮಣ್ಣು. ಎಷ್ಟು? ಬೀಜದ ಲೆಕ್ಕದಲ್ಲಿ ಇಷ್ಟು. ಎಲ್ಲಿ? ಇಂಥ ಕೆರೆಯ ಕೆಳಗೆ. ಯಾರಿಗೆ ಯಾವ ಹೊಣೆ? ಗುಡಿಯನ್ನು ನೋಡಿಕೊಳ್ಳುವ ಗೊರವ ದಿನವೂ ಈ ಕಲ್ಲನ್ನು ಪೂಜಿಸಿ ಆಮೇಲೆ ಉಣ್ಣಬೇಕು. ಮುರಿಯಬಹುದಾದವರು ಯಾರು? ಉಳುವ ಒಕ್ಕಲು, ನಾಡನ್ನು ಆಳುವವನು, ಊರನ್ನು ಆಳುವವನು. ಆ ಮಣ್ಣನ್ನು ಕೈಗೆ ಹಾಕಿಕೊಳ್ಳಲು ಶಕ್ತಿಯಿದ್ದ ಎಲ್ಲರನ್ನೂ ಬರೆದವನು ಹೆಸರಿಸಿದ್ದಾನೆ. ಹೊಲದಲ್ಲಿ ನಿಂತವನಿಂದ ಅಧಿಕಾರದಲ್ಲಿ ಕೂತವನವರೆಗೆ ಒಬ್ಬರನ್ನೂ ಬಿಟ್ಟಿಲ್ಲ. ಇಂದಿನ ವಕೀಲರು ಕರಾರಿನಲ್ಲಿ ವಾರಸುದಾರರು, ಪ್ರತಿನಿಧಿಗಳು, ಹಕ್ಕು ಪಡೆದವರು ಎಂದು ಸಾಲಾಗಿ ಸೇರಿಸುವುದೂ ಇದೇ ಎಚ್ಚರದಿಂದ.

ಕೊನೆಗೆ ದಂಡ. ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಇಲ್ಲಿ. ದತ್ತಿ ಶಾಸನಗಳ ಕೊನೆಯಲ್ಲಿ ಬರುವ ಶಾಪ ಕರ್ನಾಟಕದಲ್ಲೆಲ್ಲ ಹೆಚ್ಚು ಕಡಿಮೆ ಒಂದೇ: ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಇಲ್ಲವೇ ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವ ಗತಿ. ಆತಗೂರಿನ ಕಲ್ಲು ಅದನ್ನು ಎತ್ತಿಕೊಂಡಿಲ್ಲ. ಮಣ್ಣನ್ನು ಅಳಿದವನಿಗೂ, ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೂ ಆ ನಾಯಿ ಗೆಯ್ದ ಪಾಪ ತಟ್ಟುತ್ತದೆ ಎನ್ನುತ್ತದೆ. ಅಲ್ಲಿ ಶಾಪ ಇರಬೇಕು ಎಂಬುದು ಒಕ್ಕಣೆಯಿಂದ ಬಂತು. ಅದು ಯಾವ ಶಾಪ ಎಂಬುದನ್ನು ಬರೆದವನು ಕಾಳಿಯನ್ನು ನೋಡಿ ಬರೆದ. ಬೇಟೆನಾಯಿಯೊಂದು ಬದುಕಿನುದ್ದಕ್ಕೂ ಎಷ್ಟು ಕೊಂದಿರುತ್ತದೆ! ಆ ಕೊಲೆಗಳ ಹೊರೆಯೆಲ್ಲ ನಿನ್ನ ತಲೆಗೆ ಎಂಬ ಮಾತು ಆ ಊರಿನವನಿಗೆ ವಾರಣಾಸಿಯ ಗೋವುಗಳಿಗಿಂತ ಹತ್ತಿರದ್ದು. ಮಾದರಿಯನ್ನು ಪೂರ್ತಿ ಬಲ್ಲವನು ಮಾತ್ರ ಅದನ್ನು ಎಲ್ಲಿ ಮುರಿಯಬೇಕು ಎಂದು ಅರಿಯುತ್ತಾನೆ. ಕನ್ನಡದ ಕರಾರು ಬರಹದ ಚರಿತ್ರೆಯಲ್ಲಿ ಈ ಸಾಲಿಗೆ ದೊಡ್ಡ ಸ್ಥಾನ ಸಲ್ಲಬೇಕು.

ಇದೇ ಕಲ್ಲಿನಲ್ಲಿ ಇನ್ನೊಂದು ಕೊಡುಗೆಯೂ ದಾಖಲಾಗಿದೆ. ಬೂತುಗ ಮಣಲೆರನಿಗೆ ಆತಗೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ಗಚ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು, ತೊಳೆದು ಕೊಡುವ ಕೊಡುಗೆ. ಯೋಧನಿಗೆ ಭೂಮಿ ಕೊಡುವ ಕ್ರಮಕ್ಕೆ ಇದೊಂದು ಪಾರಿಭಾಷಿಕ ಪದ. ಪದ ಬಂತೆಂದರೆ ಅದರ ಹಿಂದಿನ ವಿಧಿ, ಹಕ್ಕು, ನಿರೀಕ್ಷೆ ಎಲ್ಲವೂ ಬಂದಂತೆ. ವಿವರಿಸಿ ಬರೆಯುವ ಅಗತ್ಯವಿಲ್ಲ. ಒಕ್ಕಣೆಯ ಅನುಕೂಲ ಇದೇ.

ಕಲ್ಯಾಣದ ವಿಜ್ಞಾನೇಶ್ವರ

ಆತಗೂರಿನ ಕಲ್ಲು ನಿಂತು ಒಂದೂವರೆ ಶತಮಾನದ ಹೊತ್ತಿಗೆ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯ ಮಾತು ಬಂದಾಗಲೆಲ್ಲ ನಮ್ಮ ನ್ಯಾಯಾಲಯಗಳು ಈ ಗ್ರಂಥವನ್ನು ಎತ್ತಿಕೊಂಡಿವೆ. ಅದರ ಲೇಖ್ಯ ಪ್ರಕರಣವನ್ನು ಓದಿದವರು ಕಡಿಮೆ. ಅಲ್ಲಿ ಸಾಲಪತ್ರದ ಒಂದು ಮಾದರಿಯೇ ಇದೆ. ವರ್ಷ, ತಿಂಗಳು, ಪಕ್ಷ, ದಿನ ಇರಬೇಕು. ಹೆಸರು, ಜಾತಿ, ಗೋತ್ರ, ತಂದೆಯ ಹೆಸರು ಇರಬೇಕು. ವಿಷಯ ಬರೆದು ಮುಗಿದ ಮೇಲೆ ಸಾಲಗಾರ ತನ್ನ ಕೈಯಿಂದ, ಇಂಥವನ ಮಗನಾದ ನನಗೆ ಮೇಲೆ ಬರೆದದ್ದು ಸಮ್ಮತ ಎಂದು ಬರೆಯಬೇಕು. ಸಾಕ್ಷಿಗಳು ತಂತಮ್ಮ ತಂದೆಯ ಹೆಸರಿನೊಂದಿಗೆ ಒಪ್ಪ ಹಾಕಬೇಕು. ಕೊನೆಗೆ ಲೇಖಕ, ಇಬ್ಬರೂ ಕೇಳಿದ್ದರಿಂದ ಇಂಥವನ ಮಗನಾದ ನಾನು ಬರೆದೆ ಎಂದು ಸೇರಿಸಬೇಕು. ತನ್ನ ಕೈಯಿಂದಲೇ ಪೂರ್ತಿ ಬರೆದ ಪತ್ರಕ್ಕೆ ಸಾಕ್ಷಿ ಬೇಡ. ಆದರೆ ಬಲವಂತದಿಂದಲೋ ಮೋಸದಿಂದಲೋ ಬರೆಸಿದ್ದಾದರೆ ಅದು ಪ್ರಮಾಣವಲ್ಲ.

ಮದ್ದೂರಿನಲ್ಲಿ ಇಂದು ಬರೆಯುವ ಯಾವುದೇ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮೇಲೆ ತಾರೀಖು, ಆಮೇಲೆ ಇಂಥವರ ಮಗ, ಇಂಥ ಊರಿನ ವಾಸಿ, ಯಾರ ಬಲವಂತವೂ ಪ್ರೇರಣೆಯೂ ಇಲ್ಲದೆ ಸ್ವಸ್ಥಚಿತ್ತದಿಂದ ಎಂಬ ಸಾಲು, ಕೆಳಗೆ ಬರೆದುಕೊಟ್ಟವರ ರುಜು, ಸಾಕ್ಷಿಗಳ ರುಜು, ತುದಿಯಲ್ಲಿ ಬಿಕ್ಕಲಂ ಎಂದು ಬರೆದವನ ಹೆಸರು. ಬಿಕ್ಕಲಂ ಎಂಬುದು ಪಾರಸಿಯಿಂದ ಬಂದದ್ದು, ಕಲಮಿನಿಂದ ಎಂದರ್ಥ. ಭಾಷೆ ಬದಲಾಗಿದೆ, ಕಾಲಂ ಬದಲಾಗಿಲ್ಲ.

ವಿಜ್ಞಾನೇಶ್ವರ ಹೇಳುವ ಇನ್ನೊಂದು ಮಾತು ನೆಲದ ಮಾರಾಟದ ಬಗ್ಗೆ. ಭೂಮಿ ಕೈ ಬದಲಾಗಬೇಕಾದರೆ ಊರಿನವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು, ಜೊತೆಗೆ ಚಿನ್ನ ಮತ್ತು ನೀರಿನ ಧಾರೆಯಾಗಬೇಕು ಎಂಬ ಹಳೆಯ ವಚನವನ್ನು ಅವನು ಎತ್ತಿಕೊಂಡು ಒಂದೊಂದರ ಕಾರಣವನ್ನೂ ಬಿಡಿಸುತ್ತಾನೆ. ಊರಿನ ಒಪ್ಪಿಗೆ ಏಕೆ? ವ್ಯವಹಾರ ಬಹಿರಂಗವಾಗಲಿ ಎಂದು. ಅದಿಲ್ಲದಿದ್ದರೆ ಮಾರಾಟವೇ ಬಿದ್ದುಹೋಗುತ್ತದೆ ಎಂದಲ್ಲ. ನೆರೆಯವರದ್ದು ಏಕೆ? ಗಡಿ ತಕರಾರು ಬಾರದಿರಲಿ ಎಂದು. ನೀರಿನ ಧಾರೆ ಏಕೆ? ಸ್ಥಾವರದ ಮಾರಾಟಕ್ಕೆ ನಿಷೇಧವಿದ್ದುದರಿಂದ ಅದನ್ನು ದಾನದ ರೂಪದಲ್ಲಿ ಮಾಡಬೇಕು ಎಂದು. ಒಕ್ಕಣೆಯ ಪ್ರತಿ ಸಾಲಿಗೂ ಕಾರಣ ಕೇಳಿ ಉತ್ತರ ಬರೆದಿಟ್ಟ ಈ ಪದ್ಧತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಾರಣ ಗೊತ್ತಿದ್ದ ಸಾಲನ್ನು ಬೇಕಾದಾಗ ಇಡಬಹುದು, ಬೇಡವಾದಾಗ ಬಿಡಬಹುದು. ಗೊತ್ತಿಲ್ಲದ ಸಾಲನ್ನು ಹೆದರಿಕೆಯಿಂದ ನಕಲು ಮಾಡುತ್ತಲೇ ಇರಬೇಕಾಗುತ್ತದೆ.

ಅಷ್ಟಭೋಗದ ಸಾಲಿಗೆ ಆಗಿರುವುದು ಹೀಗೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳು ವಿಜಯನಗರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೆಲದೊಳಗೆ ಹೂತದ್ದು, ಇಟ್ಟದ್ದು, ಅದರ ನೀರು, ಅದರ ಕಲ್ಲು, ಈಗ ಬರುವ ಉತ್ಪತ್ತಿ, ಮುಂದೆ ಬರುವುದು, ಆಗಿರುವ ಸಾಗುವಳಿ, ಆಗಬಹುದಾದದ್ದು. ಒಂದು ನೆಲದ ಮೇಲಿನ ಹಕ್ಕನ್ನು ಇಷ್ಟು ಅಡಕವಾಗಿ, ಇಷ್ಟು ಪೂರ್ಣವಾಗಿ ಹೇಳಿದ ಪಟ್ಟಿ ಅಪರೂಪ. 'ಶಿಲಾಶಾಸನದ ಕ್ರಮವೆಂತೆಂದರೆ' ಎಂದು ಅಂದಿನವರು ವಿಷಯಕ್ಕೆ ಬರುತ್ತಿದ್ದರು, 'ಕ್ರಯಪತ್ರದ ಕ್ರಮವೇನೆಂದರೆ' ಎಂದು ಇಂದಿನವರು ಬರುತ್ತಾರೆ. ಅದೇ ಉಸಿರಿನಲ್ಲಿ ನಿಧಿ ನಿಕ್ಷೇಪ ಜಲ ತರು ಪಾಷಾಣವೂ ಕ್ರಯಪತ್ರಕ್ಕೆ ಇಳಿದು ಬಂದಿದೆ. ಆದರೆ 1878ರ ನಿಧಿ ಕಾಯ್ದೆ ಬಂದಂದಿನಿಂದ, ನೆಲದಲ್ಲಿ 10 ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕವನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮಾರುವವನು ತನ್ನದೆಂದು ಕೊಡಲಾಗದ್ದನ್ನು ಪತ್ರ ಇಂದಿಗೂ ಕೊಡುತ್ತಲೇ ಇದೆ. ಇದರಿಂದ ಯಾರಿಗೂ ಕೇಡಾಗಿಲ್ಲ ನಿಜ. ಆದರೆ ಅದೇ ಪುಟದಲ್ಲಿ ಕೊಳವೆಬಾವಿಯ ನೀರು ಯಾರಿಗೆ, ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕ ಯಾರ ಹೆಸರಿಗೆ ಎಂಬುದಕ್ಕೆ ಸಾಲು ಇಲ್ಲದಿರುವುದನ್ನು ನಾನು ನೋಡಿದ್ದೇನೆ.

ಮಾದರಿಗಳನ್ನು ಸಂಕಲಿಸಿ ಇಡುವ ಅಭ್ಯಾಸ ಕರ್ನಾಟಕಕ್ಕೆ ಮೀಸಲಲ್ಲ. ಏಳನೆಯ ಶತಮಾನದ ಫ್ರಾಂಕರ ನಾಡಿನಲ್ಲಿ ಮಾರ್ಕುಲ್ಫ್ ಎಂಬ ಸಂನ್ಯಾಸಿ ಇಂಥದೊಂದು ಸಂಕಲನ ಮಾಡಿದ್ದ. ಗುಜರಾತಿನ ಲೇಖಪದ್ಧತಿ ಮಧ್ಯಯುಗದ ಸಂಸ್ಕೃತ ಪತ್ರಮಾದರಿಗಳ ದೊಡ್ಡ ಭಂಡಾರ. ಬರೋಡದ ಗಾಯಕವಾಡ ಮಾಲೆಯಲ್ಲಿ 1925ರಲ್ಲಿ ಅಚ್ಚಾಯಿತು. ನೆಲ ಅಡವಿಡುವ ಪತ್ರದ ಮಗ್ಗುಲಲ್ಲೇ ದಾಸಿಯನ್ನು ಮಾರುವ ಪತ್ರದ ಮಾದರಿಯೂ ಅದರಲ್ಲಿದೆ. ಹೆಣ್ಣೊಬ್ಬಳ ಬದುಕು ಒಂದು ಒಕ್ಕಣೆಯಾಗಿ, ಹೆಸರು ತುಂಬಿಸುವ ಜಾಗವಾಗಿ ನಿಂತದ್ದನ್ನು ಓದುವಾಗ ಕೈ ನಿಲ್ಲುತ್ತದೆ. ಮಾದರಿ ಕೆಲಸವನ್ನು ಹಗುರ ಮಾಡುತ್ತದೆ ಎನ್ನುತ್ತೇವೆ. ಯಾವ ಕೆಲಸವನ್ನು ಎಂಬುದೂ ನೆನಪಿರಬೇಕು.

ಕನ್ನಡದ ವರ್ತಕರದ್ದೇ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಅಯ್ಯಾವೊಳೆ ಐನೂರ್ವರ ಪ್ರಶಸ್ತಿ ಕರ್ನಾಟಕ, ಆಂಧ್ರ, ತಮಿಳುನಾಡು, ಸಿಂಹಳದವರೆಗೆ ಶಾಸನಗಳಲ್ಲಿ ಸಿಗುತ್ತದೆ. ಊರೂರಿಗೆ ಭಾಷೆ ಬೇರೆ, ತೂಕ ಬೇರೆ, ನಾಣ್ಯ ಬೇರೆ. ಗುರುತಿಲ್ಲದ ಊರಿನಲ್ಲಿ ಮೂಟೆ ಇಳಿಸುವ ವ್ಯಾಪಾರಿಗೆ ಆ ಸಿದ್ಧ ಪ್ರಶಸ್ತಿಯೇ ಗುರುತಿನ ಚೀಟಿ. ಅವರ ಕಟ್ಟುಪಾಡಿಗೆ ಅವರಿಟ್ಟ ಹೆಸರು ಸಮಯ. ಒಪ್ಪಂದ ಎಂಬುದೇ ಆ ಪದದ ಹುರುಳು.

ಛಾಪಾಕಾಗದ

ಮೈಸೂರು ಸೀಮೆಯ ಪತ್ರಗಳಿಗೆ ಪಾರಸಿ, ಅರಬ್ಬಿ, ಮರಾಠಿ ಪದಗಳು ಸೇರುತ್ತಾ ಬಂದವು: ಕರಾರು, ಮುಚ್ಚಳಿಕೆ, ಜಾಮೀನು, ದಸ್ತಾವೇಜು, ಷರತ್ತು, ಮೊಬಲಗು. ಮಗ ಎಂಬಲ್ಲಿ ಬಿನ್, ಹೆಂಡತಿ ಎಂಬಲ್ಲಿ ಕೋಂ ಬಂತು. ಪಹಣಿಯಲ್ಲಿ ಇವು ಇವತ್ತಿಗೂ ಇವೆ. ಊರಿನಲ್ಲಿ ಬರೆಯುವ ಕೈ ಮಾತ್ರ ಶಾನುಭೋಗರದೇ. ಹಳೆಯ ಶಾಸನಗಳ ಸೇನಬೋವನ ಮುಂದುವರಿಕೆ ಅವರು. ಕಡತದಲ್ಲಿ, ಆಮೇಲೆ ಕಾಗದದಲ್ಲಿ, ಒಕ್ಕಣೆ ಅವರ ಮನೆಯ ಸೊತ್ತಾಗಿತ್ತು. ಓದು ಬಾರದ ಒಕ್ಕಲಿಗ ಹೆಬ್ಬೆಟ್ಟು ಒತ್ತುತ್ತಿದ್ದದ್ದು ಪತ್ರದ ಮೇಲಿನ ನಂಬಿಕೆಯಿಂದಲ್ಲ, ಬರೆದವರ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಎಷ್ಟೋ ಕಡೆ ಉಳಿಯಿತು, ಎಷ್ಟೋ ಕಡೆ ನೆಲದ ಜೊತೆ ಹೋಯಿತು.

ಬ್ರಿಟಿಷ್ ಕಾನೂನು ಒಕ್ಕಣೆಯ ಒಳಗನ್ನು ತಕ್ಷಣ ಬದಲಿಸಲಿಲ್ಲ, ಸುತ್ತ ಚೌಕಟ್ಟು ಹಾಕಿತು. 1872ರ ಕರಾರು ಕಾಯ್ದೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ. ಕರಾರು ಕಾಯ್ದೆಯ 74ನೆಯ ಕಲಮು ದಂಡದ ಸಾಲಿಗೆ ಮಿತಿ ಹಾಕಿತು. ಪತ್ರದಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿರಲಿ, ಮುರಿದವನಿಂದ ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಅರವತ್ತು ಸಾವಿರ ವರ್ಷದ ಹುಳುವಿನ ಜನ್ಮದಿಂದ ನ್ಯಾಯವಾದ ಪರಿಹಾರಕ್ಕೆ ಬಂದ ದಾರಿ ಇದು. ನೋಂದಣಿ ಕಾಯ್ದೆಯ 21ನೆಯ ಕಲಮು ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಕೇಳುತ್ತದೆ. ವಿಜ್ಞಾನೇಶ್ವರನ ನೆರೆಯವರು ಇಲ್ಲಿ ಚಕ್ಕುಬಂದಿಯಾಗಿ ಕೂತಿದ್ದಾರೆ. 20ನೆಯ ಕಲಮು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಪತ್ರದಲ್ಲಿ ಸಾಲಿನ ನಡುವೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು, ತಿದ್ದಿದ್ದು ಇದ್ದರೆ ಬರೆದುಕೊಟ್ಟವನು ಪ್ರತಿಯೊಂದರ ಪಕ್ಕದಲ್ಲೂ ರುಜು ಹಾಕಬೇಕು. ಇಲ್ಲವಾದರೆ ನೋಂದಣಾಧಿಕಾರಿ ಪತ್ರವನ್ನು ತೆಗೆದುಕೊಳ್ಳದಿರಬಹುದು. ಖಾಲಿ ಜಾಗದ ಅಪಾಯವನ್ನು ಕಾನೂನು ಮನಗಂಡದ್ದು ಇಲ್ಲಿ.

ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದೆ ಆತಗೂರಿನ ನೆಲ ಮೈಸೂರು ಜಿಲ್ಲೆಯ ನೆಲ. ಹಳೆಯ ಪತ್ರಗಳ ಕಂತೆ ಬಿಚ್ಚಿದರೆ ಕಾಲವನ್ನು ಮೊದಲು ಹೇಳುವುದು ತಾರೀಖಿನ ಮಸುಕು ಶಾಯಿಯಲ್ಲ, ಜಿಲ್ಲೆಯ ಹೆಸರು. ಪತ್ರ ಬರಹಗಾರರಿಗೆ ಪರವಾನಗಿ ಕೊಡುವ ನಿಯಮಗಳನ್ನು ರಾಜ್ಯ 1979ರಲ್ಲಿ ಮಾಡಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಕಾಲದಲ್ಲಿ ಮಾದರಿ ಪತ್ರಗಳು ಮನೆಯಿಂದಲೇ ಸಿಗುತ್ತವೆ. ಶಾನುಭೋಗರ ಮನೆಯ ಸೊತ್ತು ಎಲ್ಲರದಾಯಿತು. ಇದು ಸಣ್ಣ ಬದಲಾವಣೆಯಲ್ಲ, ಒಳ್ಳೆಯ ಬದಲಾವಣೆಯೇ.

ಕಬ್ಬಿನ ಒಪ್ಪಿಗೆ

ಇದುವರೆಗಿನ ಒಕ್ಕಣೆಗಳಲ್ಲಿ ಒಂದು ಸಮಾನ ಗುಣವಿತ್ತು. ಅವುಗಳನ್ನು ಬರೆಯುತ್ತಿದ್ದವನು ಮೂರನೆಯವನು: ಸೇನಬೋವ, ಶಾನುಭೋಗ, ಪತ್ರ ಬರಹಗಾರ. ಕಬ್ಬಿನೊಂದಿಗೆ ಬಂದದ್ದು ಬೇರೆ ಬಗೆ. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಹುಟ್ಟಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ನರ ದುಡಿಮೆ ಅದರ ಹಿಂದಿತ್ತು. ಕಾರ್ಖಾನೆ ನಡೆಯಲು ದಿನವೂ ಇಷ್ಟು ಕಬ್ಬು ಗಾಣಕ್ಕೆ ಬೀಳಲೇಬೇಕು. ಸಾವಿರಾರು ರೈತರೊಂದಿಗೆ ಒಬ್ಬೊಬ್ಬರಾಗಿ ಕೂತು ಮಾತಾಡಲು ಆಗುವುದಿಲ್ಲ. ಹಾಗಾಗಿ ಅಚ್ಚಾದ ಫಾರಂ ಅನಿವಾರ್ಯವಾಯಿತು. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ಮಧ್ಯದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿ 1962ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ನೀರಾವರಿ ಬಂದ ಹಳ್ಳಿ ಕಾರ್ಖಾನೆಯೊಂದಿಗಿನ ಕರಾರಿನ ಮೇಲೆ ಕಬ್ಬು ಬೆಳೆಯುವುದನ್ನು ಕಾಣಬಹುದು. ಈಗ ಮದ್ದೂರು ತಾಲ್ಲೂಕಿನೊಳಗೇ ಕೆ.ಎಂ. ದೊಡ್ಡಿಯಲ್ಲೂ ಕೊಪ್ಪದಲ್ಲೂ ಖಾಸಗಿ ಕಾರ್ಖಾನೆಗಳಿವೆ.

ನಮ್ಮ ಕಡೆ ಇದಕ್ಕೆ ಅಗ್ರಿಮೆಂಟು ಎನ್ನುವವರೂ ಇದ್ದಾರೆ, ಒಪ್ಪಿಗೆ ಎನ್ನುವವರೂ ಇದ್ದಾರೆ. 'ಕಬ್ಬು ಒಪ್ಪಿಗೆ ಆಯ್ತಾ?' ಎಂದು ಕೇಳುತ್ತಾರೆ. ಒಪ್ಪಿಗೆ ಎಂಬ ಪದದಲ್ಲಿ ಇಬ್ಬರಿದ್ದಾರೆ. ಫಾರಂ ಬರೆದವನು ಒಬ್ಬನೇ. ಇಂಥ ಫಾರಮ್ಮುಗಳಲ್ಲಿ ರೈತನ ಹೊಣೆ ಗಟ್ಟಿ ಮಾತಿನಲ್ಲಿರುತ್ತದೆ: ಒಪ್ಪಿದ ವಿಸ್ತೀರ್ಣದ ಕಬ್ಬನ್ನು ಬೇರೆಡೆ ಮಾರತಕ್ಕದ್ದಲ್ಲ, ಪರ್ಮಿಟ್ ಬಂದ ದಿನ ಕಟಾವು ಮಾಡತಕ್ಕದ್ದು. ಎದುರುಗಡೆಯ ಹೊಣೆ ಮೆದುವಾಗಿರುತ್ತದೆ: ಸಾಧ್ಯವಾದಷ್ಟು ಮಟ್ಟಿಗೆ, ಅನುಕೂಲಕ್ಕೆ ತಕ್ಕಂತೆ. ಹದಕ್ಕೆ ಬಂದ ಕಬ್ಬು ಗದ್ದೆಯಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ, ಸೂಲಂಗಿ ಬರುತ್ತದೆ, ಮುಂದಿನ ಕೂಳೆ ಬೆಳೆಯೂ ಹಿಂದೆ ಬೀಳುತ್ತದೆ. ತನಿ ಕಬ್ಬು ಯಾವುದು, ಕೂಳೆ ಯಾವುದು ಎಂದು ಕೇಳುವ ಕಾಲಂ ಫಾರಂನಲ್ಲಿರುತ್ತದೆ. ಕಟಾವು ತಡವಾದರೆ ನಷ್ಟ ಯಾರದು ಎಂಬ ಸಾಲಿಗೆ ಜಾಗ ಇರುವುದಿಲ್ಲ.

ಪತ್ರದ ಒಂದೇ ಸಾಲಿಗೆ ಎಷ್ಟು ತೂಕವಿದೆ ಎಂದು ತಿಳಿಯಲು 1966ರ ಕಬ್ಬು ನಿಯಂತ್ರಣ ಆದೇಶ ನೋಡಬೇಕು. ಕಬ್ಬು ತಲುಪಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು ಎಂದು ಅದರ ಮೂರನೆಯ ಖಂಡ ಹೇಳುತ್ತದೆ. ರೈತ ಸಂಘದ ಸಭೆಗಳಲ್ಲಿ ಈ 14 ದಿನದ ಮಾತು ಕೇಳದವರಿಲ್ಲ. ಆದರೆ ಅದೇ ಖಂಡದಲ್ಲಿ ಒಂದು ವಿನಾಯಿತಿಯೂ ಇದೆ: ಎರಡೂ ಕಡೆಯವರ ನಡುವೆ ಬೇರೆ ರೀತಿ ಲಿಖಿತ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ. ಅಂದರೆ ಫಾರಂನ ಯಾವುದೋ ಮೂಲೆಯಲ್ಲಿ ಹಣ ಕಂತಿನಲ್ಲಿ ಕೊಡಲಾಗುವುದು ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದು, ರೈತ ಕೆಳಗೆ ರುಜು ಹಾಕಿದ್ದರೆ, ಸಂಸತ್ತಿನ ಕಾಯ್ದೆಯಡಿ ದೆಹಲಿ ಕೊಟ್ಟ ರಕ್ಷಣೆಯನ್ನು ಅವನೇ ತನ್ನ ಕೈಯಾರೆ ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ ಬಾಗಿಲು ತೆರೆಯುತ್ತದೆ. ಕಬ್ಬು ಬೆಳೆಗಾರರೆಲ್ಲ ಬಲದ ಕೈಯಲ್ಲಿ ಪೆನ್ನು ಹಿಡಿಯುವ ಮುನ್ನ ಓದಬೇಕಾದ ಸಾಲು ಇದು. ದರದ ಬಗ್ಗೆ ವರ್ಷವೂ ಹೋರಾಟ ನಡೆಯುತ್ತದೆ. ಒಪ್ಪಿಗೆಯ ಪಠ್ಯದ ಬಗ್ಗೆಯೂ ಒಮ್ಮೆ ನಡೆಯಬೇಕಿತ್ತು. 2013ರಲ್ಲಿ ಕರ್ನಾಟಕ ತನ್ನದೇ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆ ಮಾಡಿ ಮಂಡಳಿಯೊಂದನ್ನು ರಚಿಸಿತು. ಕಾರ್ಖಾನೆಯೂ ಬೆಳೆಗಾರನೂ ಎದುರುಬದುರು ಕೂತು ಮಾದರಿಯ ಒಂದೊಂದು ಸಾಲನ್ನೂ ಒಪ್ಪಲು ಅಂಥ ಮಂಡಳಿಗಿಂತ ತಕ್ಕ ಜಾಗ ಬೇರೆ ಇಲ್ಲ.

ಒಂದೇ ಕಡೆಯವರು ಬರೆದ ಮಾದರಿಯ ಸಮಸ್ಯೆಯನ್ನು ಜಗತ್ತು ಗುರುತಿಸಿದ್ದು ನಿಧಾನವಾಗಿ. ಲಂಡನ್ನಿನ ಲಾಯ್ಡ್ಸ್ ವಿಮೆದಾರರು 1779ರಲ್ಲಿ ಒಪ್ಪಿಕೊಂಡ ಹಡಗು ವಿಮೆಯ ಪಠ್ಯ 1906ರ ಕಾಯ್ದೆಗೆ ಅನುಬಂಧವಾಯಿತು. ಅದರ ಒಂದೊಂದು ಪದಕ್ಕೂ ನ್ಯಾಯಾಲಯಗಳು ಅರ್ಥ ಕೊಟ್ಟಿದ್ದರಿಂದ ಅದನ್ನು ಬದಲಿಸಲು ವ್ಯಾಪಾರಿಗಳೇ ಹಿಂಜರಿದರು. ಇದು ಸಮಬಲದವರ ಮಾದರಿ. ಬಲಹೀನನ ಮುಂದಿಡುವ ಮಾದರಿಗೆ, ಅಂದರೆ ಒಪ್ಪಿದರೆ ಒಪ್ಪು ಇಲ್ಲದಿದ್ದರೆ ಹೋಗು ಎನ್ನುವ ಕರಾರಿಗೆ, ಫ್ರಾನ್ಸಿನ ರೇಮೊಂ ಸಲೇಯ್ 1901ರಲ್ಲಿ ಬೇರೆಯೇ ಹೆಸರು ಕೊಟ್ಟ. ನಮ್ಮಲ್ಲಿ ಕಾನೂನು ಆಯೋಗ 1984ರ ತನ್ನ 103ನೆಯ ವರದಿಯನ್ನು ಅನ್ಯಾಯದ ಷರತ್ತುಗಳಿಗೇ ಮೀಸಲಿಟ್ಟಿತು. 1986ರಲ್ಲಿ ಬ್ರಜೋನಾಥ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚೌಕಾಸಿ ಮಾಡುವ ಶಕ್ತಿಯೇ ಇಲ್ಲದವನು ಸಿದ್ಧ ಫಾರಂಗೆ ರುಜು ಹಾಕಿದಾಗ ಅದರೊಳಗಿನ ಅತಿ ಅನ್ಯಾಯದ ಷರತ್ತು ಕರಾರು ಕಾಯ್ದೆಯ 23ನೆಯ ಕಲಮಿನಡಿ ನಿಲ್ಲುವುದಿಲ್ಲ ಎಂದಿತು. ಸಮಬಲದ ವ್ಯಾಪಾರಿಗಳ ನಡುವಿನ ವ್ಯವಹಾರಕ್ಕೆ ಈ ಮಾತು ಅನ್ವಯಿಸದು ಎಂದೂ ಸೇರಿಸಿತು. ಅದು ನೌಕರಿಯ ಷರತ್ತಿನ ಪ್ರಕರಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂದರೇನು ಎಂದು ವ್ಯಾಖ್ಯೆಯನ್ನೇ ಕೊಟ್ಟಿದೆ. ಆದರೆ ಕಬ್ಬು ಮಾರುವ ರೈತ ಅಲ್ಲಿ ಗ್ರಾಹಕನಲ್ಲ, ಮಾರುವವನು. ಆ ಕಾಯ್ದೆಯ ನೆರಳು ಅವನವರೆಗೆ ಬರುವುದಿಲ್ಲ.

ಪತ್ರವೇ ಇಲ್ಲದ ವ್ಯವಹಾರಗಳೂ ಇದೇ ಸೀಮೆಯಲ್ಲಿ ದಂಡಿಯಾಗಿವೆ. ಆಲೆಮನೆಗೆ ಹೋಗುವ ಕಬ್ಬು ಬಾಯಿಮಾತಿನ ಮೇಲೆ ಹೋಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ತರುವವನು ತೋಟದಲ್ಲಿ ನಿಂತು ಬೆಲೆ ಮಾತಾಡಿ ಮುಂಗಡ ಕೊಡುತ್ತಾನೆ, ಅಷ್ಟೇ. ಜಮೀನಿನ ಗುತ್ತಿಗೆಗೆ ಕಾಗದ ಮಾಡುವಂತೆಯೇ ಇಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಕೃಷಿ ಭೂಮಿಯ ಗೇಣಿಯನ್ನು ನಿಷೇಧಿಸಿತು. ಗುತ್ತಿಗೆ ನಿಂತಿಲ್ಲ, ಕಾಗದ ನಿಂತಿದೆ. ಬೆಳೆ ಹೋದ ವರ್ಷ ಗುತ್ತಿಗೆಗೆ ಉತ್ತವನ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಹಾಗಾಗಿ ಮಾದರಿ ಬೇಡ ಎನ್ನುವ ಮಾತನ್ನು ನಾನು ಒಪ್ಪಲಾರೆ.

ಮೂಡಲಿಗೆ

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ತುಂಡು ಜಮೀನು ಕೊಂಡರು. ಪತ್ರ ಕಂಪ್ಯೂಟರಿನಲ್ಲಿ ತಯಾರಾಯಿತು. ಬರೆದವರು ಅದೇ ವಾರ ಮಾಡಿದ್ದ ಇನ್ನೊಂದು ಪತ್ರವನ್ನು ತೆರೆದು, ಹೆಸರು, ಸರ್ವೆ ನಂಬರು, ಮೊತ್ತ ಬದಲಿಸಿದರು. ಚಕ್ಕುಬಂದಿ ಹಾಗೆಯೇ ಉಳಿಯಿತು. ರುಜು, ಫೋಟೋ, ಹೆಬ್ಬೆಟ್ಟು ಎಲ್ಲ ಆದವು. ಯಾರೂ ಓದಲಿಲ್ಲ, ಪಕ್ಕದಲ್ಲೇ ಇದ್ದ ನಾನೂ ಷೆಡ್ಯೂಲಿನ ಮೊದಲ ಸಾಲು ನೋಡಿ ಪುಟ ಮಗುಚಿದೆ. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ತಪ್ಪು ಗೊತ್ತಾಯಿತು: ಪತ್ರದ ಪ್ರಕಾರ ಜಮೀನಿನ ಮೂಡಲಿಗೆ ನಾಲೆ ಇತ್ತು, ನೆಲದಲ್ಲಿ ನಾಲೆಯೇ ಇರಲಿಲ್ಲ.

ತಿದ್ದುಪಡಿ ಪತ್ರ ಮಾಡಿಸಬೇಕಾಯಿತು. ಅದಕ್ಕೂ ಒಂದು ಮಾದರಿ ಇದೆ. ಆದರೆ ಈ ಸಲ ಬರೆದವರು, 'ಬನ್ನಿ, ನೋಡ್ಕೊಂಡು ಬರೋಣ' ಎಂದು ಹೊರಟೇಬಿಟ್ಟರು. ಪಕ್ಕದ ಹೊಲದ ಮುದುಕರೊಬ್ಬರನ್ನು ಕರೆದರು. ಅವರು ಬದುವಿನ ಮೇಲೆ ನಡೆಯುತ್ತಾ ಒಂದೊಂದು ಮೂಲೆಯಲ್ಲೂ ನಿಂತು ಹೇಳಿದರು, ಬರೆದವರು ನೋಟುಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು ಬರೆದುಕೊಂಡರು. ಪಡುವಲಿಗೆ ಇಂಥವರ ಜಮೀನು, ಬಡಗಲಿಗೆ ಗಾಡಿ ದಾರಿ, ತೆಂಕಲಿಗೆ ಕಲ್ಲುಕಟ್ಟಡದ ಹಳೆಯ ಬಾವಿ. ಮೂಡಲಿಗೆ ಬಂದಾಗ ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲೊಂದು ಹುಣಸೆಮರ ಇತ್ತು ಸ್ವಾಮಿ, ಬಿದ್ದೋಯ್ತು. ಬುಡ ಐತೆ. ಬುಡ ಅಂತ್ಲೇ ಬರ್ಕೊಳ್ಳಿ' ಎಂದರು. ನೋಂದಣಿಯಾದ ಪತ್ರದಲ್ಲಿ ಅದು ಹಾಗೆಯೇ ಇದೆ: ಮೂಡಲಿಗೆ, ಬಿದ್ದ ಹುಣಸೆಮರದ ಬುಡ.